ಆಂಪ್‌ಗೆ ಪವರ್ ವೈರ್: ಗೇಜ್ ಬಿಟ್ಟು ತಕ್ಕಡಿ ಹಿಡಿದದ್ದು

ಹಳೆಯ ಸ್ವಿಫ್ಟ್‌ನ ಆಡಿಯೋ ಕೆಲಸ ಅಂತೂ ವೈರಿಂಗ್‌ವರೆಗೆ ಬಂದಿದೆ. ಆಂಪ್ಲಿಫೈಯರ್ ನಾಲ್ಕು ಚಾನೆಲ್‌ದು. 4 ಓಮ್ ಸ್ಪೀಕರ್ ಹಾಕಿದರೆ ಚಾನೆಲ್‌ಗೆ 75 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಪವರ್), ಕ್ಲಾಸ್ ಎಬಿ ಬಗೆಯ ಸರ್ಕ್ಯೂಟ್. ಡಿಕ್ಕಿಯ ಒಂದು ಮೂಲೆಗೆ ಪ್ಲೈವುಡ್ ಹಲಗೆ ಕೂರಿಸಿ ಅದರ ಮೇಲೆ ಬಿಗಿಯುತ್ತೇನೆ. ಮುಂದೆ ಯಾವಾಗಲಾದರೂ ಬಾಸ್‌ಗೆಂದೇ ಒಂದು ಸಬ್‌ವೂಫರ್, ಅದಕ್ಕೊಂದು ಮೋನೋ (ಒಂದೇ ಚಾನೆಲ್‌ನ) ಆಂಪ್ ಸೇರಿಸುವ ಆಸೆಯೂ ಇದೆ. ವೈರ್ ಆರಿಸುವಾಗ ಈ ಆಸೆಯನ್ನೂ ಲೆಕ್ಕಕ್ಕೆ ತಗೊಂಡಿದ್ದೇನೆ. ಕಾರ್ಪೆಟ್, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಲ್ಲವನ್ನೂ ಇನ್ನೊಂದು ಸಲ ಬಿಚ್ಚುವಷ್ಟು ತಾಳ್ಮೆ ನನಗಿಲ್ಲ.

ಮೊದಲು ಕರೆಂಟ್ ಎಷ್ಟು ಬೇಕು ಅಂತ ನೋಡೋಣ. ಆಂಪ್‌ನ ಡಬ್ಬದ ಮೇಲೆ 1200 ವ್ಯಾಟ್ ಅಂತ ದೊಡ್ಡ ಅಕ್ಷರದಲ್ಲಿದೆ. ಅದನ್ನು ಓದಿ ಮರೆತುಬಿಡಿ. ಆಂಪ್‌ನ ಪಕ್ಕದಲ್ಲಿ ಸಿಕ್ಕಿಸಿರುವ ಫ್ಯೂಸ್ ನೋಡಿದರೆ ನಿಜ ಗೊತ್ತಾಗುತ್ತದೆ. ನನ್ನದರಲ್ಲಿ 25 ಆಂಪಿಯರ್‌ನವು ಎರಡಿವೆ. 50 ಆಂಪಿಯರ್, 13.8 ವೋಲ್ಟ್ ಅಂದರೆ ಒಳಗೆ ಹೋಗುವುದೇ 690 ವ್ಯಾಟ್. ಅಲ್ಲಿಂದ 1200 ಹೇಗೆ ಹೊರಗೆ ಬರುತ್ತದೆ? ನಿಜವಾದ ಲೆಕ್ಕ ಹೀಗೆ: 75 ನಾಲ್ಕಲಿ 300 ವ್ಯಾಟ್. ಕ್ಲಾಸ್ ಎಬಿ ಆಂಪ್ ಪೂರ್ತಿ ಜೋರಿನಲ್ಲಿ, ತಾನು ಎಳೆದುಕೊಂಡದ್ದರಲ್ಲಿ ನೂರಕ್ಕೆ 60ರಷ್ಟನ್ನು ಸ್ಪೀಕರ್‌ಗೆ ಕೊಡುತ್ತದೆ. ಮಿಕ್ಕದ್ದು ಹೀಟ್‌ಸಿಂಕ್ ಕಾಯಿಸುತ್ತದೆ. ಹಾಗಾಗಿ 500 ವ್ಯಾಟ್ ಎಳೆಯಬೇಕು. 13.8ರಿಂದ ಭಾಗಿಸಿದರೆ 36 ಆಂಪಿಯರ್. ಇದೇ ಆಂಪ್ ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಬಗೆಯದಾಗಿದ್ದರೆ 27ರ ಹತ್ತಿರ ನಿಲ್ಲುತ್ತಿತ್ತು. ಹಾಡು ಕೇಳುವಾಗ ಸರಾಸರಿ ಇದರ ಮೂರನೇ ಒಂದು ಭಾಗವೂ ಇರುವುದಿಲ್ಲ, ಆದರೆ ವೈರ್ ಆರಿಸುವುದು ಜೋರಿನ ಲೆಕ್ಕಕ್ಕೇ.

ಆಮೇಲೆ ಉದ್ದ. ಬ್ಯಾಟರಿಯಿಂದ ಡಿಕ್ಕಿಯವರೆಗೆ, ವೈರ್ ಹೋಗಬೇಕಾದ ದಾರಿಯಲ್ಲೇ ಒಂದು ಹುರಿ ಎಳೆದು ಅಳೆದೆ. ತಿರುವುಗಳೆಲ್ಲ ಸೇರಿ 5 ಮೀಟರ್.

ಈಗ ಗೇಜ್, ಅಂದರೆ ವೈರ್ ದಪ್ಪ ಹೇಳುವ ನಂಬರಿನ ವಿಷಯ. ಕಾರ್ ಆಡಿಯೋದವರು ಹೇಳುವುದು ಎಡಬ್ಲ್ಯೂಜಿ, ಅಂದರೆ ಅಮೆರಿಕದ ಗೇಜ್. ಅದರಲ್ಲಿ 4 ನಂಬರ್ ಅಂದರೆ ಅಡ್ಡ ಕತ್ತರಿಸಿದಾಗ ಕಾಣುವ ತಾಮ್ರ 21 ಚದರ ಮಿಲಿಮೀಟರ್, 8 ಅಂದರೆ 8.4. ನಂಬರ್ ಮೂರು ಇಳಿದರೆ ತಾಮ್ರ ಸುಮಾರು ಎರಡು ಪಟ್ಟು. ನಮ್ಮ ಹಳೆಯ ಎಲೆಕ್ಟ್ರಿಷಿಯನ್‌ಗಳು 3/22, 7/20 ಅನ್ನುತ್ತಾರಲ್ಲ, ಅದರಲ್ಲಿ 3, 7 ಎಳೆಗಳ ಲೆಕ್ಕ, ಆ 22, 20 ಬ್ರಿಟಿಷ್ ಗೇಜ್. ಅದರಲ್ಲಿ 4 ನಂಬರ್ ಅಂದರೆ 27 ಚದರ ಮಿಲಿಮೀಟರ್. ಅಂಗಡಿಯಲ್ಲಿ ಸುಮ್ನೆ "ನಾಲ್ಕು ಗೇಜ್ ಕೊಡಿ" ಅಂದರೆ ಏನು ಬೇಕಾದರೂ ಸಿಗಬಹುದು. ನಾನು ಗೇಜ್ ಅನ್ನುವುದನ್ನೇ ಬಿಟ್ಟು ಸ್ಕ್ವೇರ್ ಎಂಎಂನಲ್ಲಿ ಕೇಳುತ್ತೇನೆ.

36 ಆಂಪಿಯರ್, 5 ಮೀಟರ್ ಇಟ್ಟುಕೊಂಡು ನೋಡಿದರೆ, 8 ಗೇಜ್ ತಾಮ್ರದಲ್ಲಿ 0.37 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 16 ಸ್ಕ್ವೇರ್‌ನಲ್ಲಿ 0.2, 25 ಸ್ಕ್ವೇರ್‌ನಲ್ಲಿ 0.14. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ "ದಪ್ಪ ವೈರ್ ಹಾಕಿ ಸಾರ್, ಬಾಸ್ ಡಬಲ್ ಆಗುತ್ತೆ" ಅಂದರು. ಡಬಲ್ ಬಿಡಿ, 0.4 ವೋಲ್ಟ್ ಕಳೆದರೂ ಶಬ್ದ ಇಳಿಯುವುದು ಕಾಲು ಡೆಸಿಬೆಲ್‌ನಷ್ಟು. ಯಾರ ಕಿವಿಗೂ ಗೊತ್ತಾಗಲ್ಲ.

ಹಾಗಾದರೆ ಒಳ್ಳೆಯ ವೈರ್ ಯಾಕೆ ಅಂತ ಕೇಳಬಹುದು. ನನ್ನ ಪ್ರಕಾರ ಅದು ಜಾಯಿಂಟ್‌ಗಾಗಿ, ಬೆಂಕಿ ಬೀಳದಿರಲಿ ಅಂತ. ಶಬ್ದಕ್ಕಾಗಿ ಅಲ್ಲ.

ಮಾರ್ಕೆಟ್‌ನಲ್ಲಿ ಸಿಗುವ ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಬಹುಪಾಲು ಸಿಸಿಎ (ಕಾಪರ್ ಕ್ಲ್ಯಾಡ್ ಅಲ್ಯೂಮಿನಿಯಂ). ಒಳಗೆ ಅಲ್ಯೂಮಿನಿಯಂ ಎಳೆ, ಮೇಲೆ ತಾಮ್ರದ ತೆಳು ಲೇಪ. ಒಂದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಇದು ಸುಮಾರು ಮೂರನೇ ಎರಡು ಭಾಗದಷ್ಟೇ ಕರೆಂಟ್ ಹಾಯಿಸುತ್ತದೆ. ಅದಕ್ಕೆ ಪರಿಹಾರ ಇದೆ, ಇನ್ನೂ ದಪ್ಪದ್ದು ಹಾಕಿದರಾಯಿತು. ನನಗೆ ತಲೆನೋವು ಸ್ಕ್ರೂ ಟರ್ಮಿನಲ್. ಸ್ಕ್ರೂ ಒತ್ತಡದ ಕೆಳಗೆ ಅಲ್ಯೂಮಿನಿಯಂ ನಿಧಾನವಾಗಿ ಹಿಂಡಿಹೋಗುತ್ತದೆ. ಕತ್ತರಿಸಿದ ತುದಿಗೆ, ಗೀಚಿದ ಎಳೆಗೆ ಗಾಳಿ ತಗುಲಿದ ಕೂಡಲೇ ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟ್ ಹಾಯುವುದಿಲ್ಲ. ಈವತ್ತು ಬಿಗಿಯಾಗಿದ್ದ ಸ್ಕ್ರೂ ಕೆಲವು ತಿಂಗಳಲ್ಲಿ ಸಡಿಲ. ಸಡಿಲವಾದ ಜಾಯಿಂಟ್ ಬಿಸಿಯಾಗುತ್ತದೆ, ಬಿಸಿಯಾದದ್ದು ಮತ್ತೂ ಸಡಿಲವಾಗುತ್ತದೆ. ಫ್ಯೂಸ್ ಇದನ್ನು ಹಿಡಿಯುವುದಿಲ್ಲ, ಕರೆಂಟ್ ಜಾಸ್ತಿ ಆಗಿರುವುದಿಲ್ಲವಲ್ಲ.

ಗೆಳೆಯನ ಹತ್ತಿರ "4 ಗೇಜ್" ಅಂತ ಅಚ್ಚಾಗಿದ್ದ ಒಂದು ಕಿಟ್ ಬಿದ್ದಿತ್ತು. ಅದರ ತುಂಡೊಂದನ್ನು ತಂದು ಸರಿಯಾಗಿ 10 ಸೆಂಟಿಮೀಟರ್ ಕತ್ತರಿಸಿ, ಸಿಪ್ಪೆ ಪೂರ್ತಿ ಸುಲಿದು, ಎಳೆಗಳನ್ನಷ್ಟೇ ಚಿನ್ನ ತೂಗುವಂಥ ಪುಟ್ಟ ತಕ್ಕಡಿಗೆ ಹಾಕಿದೆ. ನಿಜವಾದ 4 ಗೇಜ್ ತಾಮ್ರ ಆಗಿದ್ದರೆ ಸುಮಾರು 19 ಗ್ರಾಂ ತೂಗಬೇಕು. ತಾಮ್ರದ ಸಾಂದ್ರತೆ 8.96, ಅಲ್ಯೂಮಿನಿಯಂದು 2.7. ತಕ್ಕಡಿ ತೋರಿಸಿದ್ದು 4 ಗ್ರಾಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ಲೈಟರ್ ಜ್ವಾಲೆಗೆ ಹಿಡಿದರೆ ಕರಗಿ ಮುದುಡಿಹೋಯಿತು. ತಾಮ್ರದ ಎಳೆ ಕೆಂಪಾಗಿ ಕಾದರೂ ನೆಟ್ಟಗೆ ನಿಲ್ಲುತ್ತದೆ. ಗಾತ್ರದಲ್ಲಿ ನೂರಕ್ಕೆ 10ರಷ್ಟು ತಾಮ್ರದ ಲೇಪ ಅಂದುಕೊಂಡು ತಿರುಗಿಸಿ ಲೆಕ್ಕ ಹಾಕಿದರೆ ಬರೀ 12 ಚದರ ಮಿಲಿಮೀಟರ್. ಕರೆಂಟ್ ಹಾಯಿಸುವುದರಲ್ಲಿ ಹೆಚ್ಚುಕಡಿಮೆ 8 ಗೇಜ್ ತಾಮ್ರಕ್ಕೆ ಸಮ. ಹೊರಗಿನ ಸಿಪ್ಪೆ ಮಾತ್ರ ಹೆಬ್ಬೆರಳು ಗಾತ್ರ!

ಹಾಗಾಗಿ ಕಾರ್ ಆಡಿಯೋ ಅಂಗಡಿ ಬಿಟ್ಟು ಎಸ್.ಪಿ. ರಸ್ತೆ ಕಡೆ ಹೋಗಿ ವೆಲ್ಡಿಂಗ್ ಕೇಬಲ್ ತಂದೆ. 25 ಸ್ಕ್ವೇರ್, ತಾಮ್ರದ್ದು, ಐಎಸ್ 9857 (ವೆಲ್ಡಿಂಗ್ ಕೇಬಲ್‌ನ ಭಾರತೀಯ ಸ್ಟ್ಯಾಂಡರ್ಡ್) ಗುರುತು ಇರುವುದು, ಎಚ್‌ಓಎಫ್‌ಆರ್ ರಬ್ಬರ್ ಹೊದಿಕೆ. ಶಾಖ, ಎಣ್ಣೆ ಎರಡನ್ನೂ ತಡೆಯುವ, ಬೆಂಕಿ ಹರಡಗೊಡದ ರಬ್ಬರ್ ಇದು. ಬಾನೆಟ್ ಒಳಗೆ ಬೇಕಾದದ್ದೂ ಅದೇ ಅಲ್ವಾ? ಎಳೆಗಳು ಕೂದಲಿನಷ್ಟು ಸಣ್ಣ, ಹಾಗಾಗಿ ಹಗ್ಗದ ಹಾಗೆ ಬಾಗುತ್ತದೆ. ಮನೆ ವೈರಿಂಗ್‌ನ ಇದೇ ಅಳತೆಯ ವೈರ್‌ನ ಎಳೆಗಳು ದಪ್ಪ, ತಿರುವುಗಳಲ್ಲಿ ಮಾತು ಕೇಳುವುದಿಲ್ಲ. ಒಂದು ಎಚ್ಚರಿಕೆ: ವೆಲ್ಡಿಂಗ್ ಕೇಬಲ್‌ನಲ್ಲೂ ಅಲ್ಯೂಮಿನಿಯಂದು ಸಿಗುತ್ತದೆ, ಕಾಪರ್ ಅಂತ ಬಾಯಿ ಬಿಟ್ಟು ಕೇಳಿ. ಮನೆಗೆ ತಂದು ಇದನ್ನೂ ತೂಗಿದೆ. 10 ಸೆಂಟಿಮೀಟರ್‌ಗೆ 21 ಗ್ರಾಂ ಮೇಲೆ. ಕಾಗದದ ಲೆಕ್ಕ 22.4. ಈ ವ್ಯತ್ಯಾಸ ಮೋಸ ಅಲ್ಲ. ಕೇಬಲ್ ಸ್ಟ್ಯಾಂಡರ್ಡ್‌ಗಳು ಮಿತಿ ಹಾಕುವುದು ರೆಸಿಸ್ಟೆನ್ಸ್‌ಗೆ, ತೂಕಕ್ಕಲ್ಲ.

ಒಂದು ತೊಡಕು ಇದೆ. ಆಂಪ್‌ನ ಟರ್ಮಿನಲ್ ಬಾಯಿಗೆ 4 ಗೇಜ್‌ವರೆಗೆ ಮಾತ್ರ ಹಿಡಿಸುತ್ತದೆ. 25 ಸ್ಕ್ವೇರ್ ತೂರಿಸಲು ಕೆಲವರು ಹೊರಗಿನ ಎಳೆಗಳನ್ನು ಕತ್ತರಿಸಿ ಸಣ್ಣ ಮಾಡುತ್ತಾರೆ. ನನಗೆ ಅದು ಸುತಾರಾಂ ಇಷ್ಟವಿಲ್ಲ. ಡಿಕ್ಕಿಯವರೆಗೆ 25, ಅಲ್ಲೊಂದು ಫ್ಯೂಸ್ ಇರುವ ಡಿಸ್ಟ್ರಿಬ್ಯೂಷನ್ ಬ್ಲಾಕ್ (ಒಂದು ವೈರನ್ನು ಹಲವಕ್ಕೆ ಹಂಚುವ ಡಬ್ಬಿ), ಅಲ್ಲಿಂದ ಆಂಪ್‌ಗೆ 16 ಸ್ಕ್ವೇರ್‌ನ ಅರ್ಧ ಮೀಟರ್ ತುಂಡು. ವೈರ್ ಸಣ್ಣದಾಗುವ ಕಡೆ ಫ್ಯೂಸ್ ಇರಲೇಬೇಕು. ಆಂಪ್‌ಗೆ 50 ಆಂಪಿಯರ್‌ದು. ಇನ್ನೊಂದು ಖಾಲಿ ಜಾಗ ಸಬ್‌ವೂಫರ್‌ಗೆ.

ಮುಖ್ಯ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ. ಒಂದೂವರೆ ಅಡಿ ಒಳಗೆ ಅನ್ನುವುದು ರೂಢಿ, ನನಗೆ ಒಂದು ಗೇಣಿನಲ್ಲೇ ಜಾಗ ಸಿಕ್ಕಿದೆ. ಈ ಫ್ಯೂಸ್ ಇರುವುದು ವೈರ್ ಕಾಪಾಡಲು. ಆಂಪ್ ಕಾಪಾಡಲು ಅದರಲ್ಲೇ ಬೇರೆ ಇದೆ. ಎಲ್ಲಾದರೂ ತಗಡು ಸಿಪ್ಪೆ ಕೊಯ್ದು ವೈರ್ ಕಾರಿನ ಮೈಗೆ ಮುಟ್ಟಿದರೆ ಕಾರ್ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಫ್ಯೂಸ್ ಡಿಕ್ಕಿಯಲ್ಲಿದ್ದರೆ ಅಷ್ಟುದ್ದ ವೈರ್ ಪೂರ್ತಿ ಹೀಟರ್ ಕಾಯಿಲ್. ಈಗ 60 ಆಂಪಿಯರ್‌ನ ಎಎನ್ಎಲ್ (ಬೋಲ್ಟ್ ಹಾಕಿ ಬಿಗಿಯುವ ಬಗೆಯ) ಫ್ಯೂಸ್ ಹಾಕಿದ್ದೇನೆ. ಸಬ್ ಬಂದ ಮೇಲೆ 100ಕ್ಕೆ ಏರಿಸಬಹುದು.

ಎಂಜಿನ್‌ಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್‌ನಲ್ಲಿ ಹೊಸ ತೂತು ಕೊರೆದಿಲ್ಲ. ಕಂಪನಿ ವೈರ್‌ಗಳು ಹೋಗುವ ರಬ್ಬರ್ ಗ್ರಾಮೆಟ್‌ನ (ತೂತಿಗೆ ಹಾಕಿದ ಬಿರಡೆಯ) ಅಂಚಿನಲ್ಲಿ ದಬ್ಬಳ ಚುಚ್ಚಿ, ಗಟ್ಟಿ ಜಿಐ ತಂತಿ ತೂರಿಸಿ, ಅದಕ್ಕೆ ಕೇಬಲ್ ತುದಿ ಟೇಪ್ ಸುತ್ತಿ, ಸೋಪು ನೀರು ಸವರಿ ಎಳೆದೆ. ಬಾನೆಟ್ ಒಳಗಿನ ಭಾಗಕ್ಕೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ಹೊದಿಸಿದ್ದೇನೆ. ನಮ್ಮ ಬೇಸ್‌ಮೆಂಟ್ ಪಾರ್ಕಿಂಗ್‌ನ ಹೆಗ್ಗಣಗಳಿಗೆ ರಬ್ಬರ್ ಅಂದರೆ ಹಬ್ಬ.

ಅರ್ತ್, ಅಂದರೆ ಆಂಪ್‌ನ ನೆಗೆಟಿವ್ ವೈರನ್ನು ಕಾರಿನ ಮೈಗೆ ಕಟ್ಟುವುದರ ಬಗ್ಗೆ ಸ್ವಲ್ಪ ಹಟ ಇದೆ ನನಗೆ. ಸೀಟ್ ಬೆಲ್ಟ್ ಬೋಲ್ಟ್‌ಗೆ ಅರ್ತ್ ಕಟ್ಟುವ ಅಭ್ಯಾಸ ತುಂಬಾ ಕಡೆ ಇದೆ. ಜೀವ ಕಾಯುವ ಬೋಲ್ಟ್ ಅದು, ಅದರ ಕೆಳಗೆ ಲಗ್ (ವೈರ್ ತುದಿಯ ಲೋಹದ ಬಳೆ) ತುರುಕಬಾರದು. ಡಿಕ್ಕಿ ನೆಲದಲ್ಲಿ ಮೊದಲೇ ಇದ್ದ ತೂತೊಂದಕ್ಕೆ ಬೋಲ್ಟ್ ಹಾಕಿದ್ದೇನೆ, ಕೆಳಗೆ ಪೆಟ್ರೋಲ್ ಟ್ಯಾಂಕ್ ಇಲ್ಲ ಅಂತ ಕಾರಿನಡಿ ಮಲಗಿ ನೋಡಿಕೊಂಡ ಮೇಲೆ. ಸುತ್ತ ಪೇಂಟ್ ಉಜ್ಜಿ, ತಗಡು ಹೊಳೆಯುವಂತೆ ಮಾಡಿ, 16 ಸ್ಕ್ವೇರ್ ಲಗ್ ಬಿಗಿದು, ಮೇಲೆ ತುಕ್ಕು ಹಿಡಿಯದ ಹಾಗೆ ಪೇಂಟ್ ಬಳಿದಿದ್ದೇನೆ. ಇದನ್ನು ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲಿ ಪರೀಕ್ಷಿಸುವುದು ಸುಮ್ನೆ ಸಮಾಧಾನಕ್ಕೆ, ಇಷ್ಟು ಕಡಿಮೆ ರೆಸಿಸ್ಟೆನ್ಸ್ ಅದಕ್ಕೆ ಕಾಣುವುದಿಲ್ಲ. ಹಾಡು ಜೋರಾಗಿ ಇಟ್ಟು, ಬ್ಯಾಟರಿ ನೆಗೆಟಿವ್‌ಗೂ ಆಂಪ್ ಅರ್ತ್‌ಗೂ ನಡುವೆ ವೋಲ್ಟ್ ಅಳೆಯಬೇಕು. 0.1 ಒಳಗಿದ್ದರೆ ಸಾಕು.

ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್, ಪವರ್ ವೈರ್ ಇಲ್ಲದ ಇನ್ನೊಂದು ಬದಿಯಿಂದ ಹೋಗುತ್ತದೆ. ಎಂಜಿನ್ ರೇಸ್ ಮಾಡಿದಾಗ ಕುಂಯ್ ಅನ್ನುವ ಶಬ್ದಕ್ಕೆ ಹೆಚ್ಚಿನ ಸಲ ಕಾರಣ ಕೆಟ್ಟ ಅರ್ತ್, ಆದರೂ ಬೇರೆ ಬದಿಯಲ್ಲಿ ಎಳೆಯಲು ದುಡ್ಡೇನೂ ಖರ್ಚಿಲ್ಲ. ಸ್ಟೀರಿಯೋ ಜೊತೆ ಆಂಪ್ ಆನ್ ಮಾಡುವ ರಿಮೋಟ್ ವೈರ್‌ಗೆ ಕೈಗೆ ಸಿಕ್ಕ ಸಣ್ಣ ವೈರ್ ಸಾಕು. ಸ್ಪೀಕರ್‌ಗೆ 1.5 ಸ್ಕ್ವೇರ್‌ನ ಎರಡು ಕೋರ್ ವೈರ್ ಸ್ಟೀರಿಯೋ ಹಿಂದಿನವರೆಗೆ, ಅಲ್ಲಿಂದ ಬಾಗಿಲಿನೊಳಕ್ಕೆ ಕಂಪನಿ ವೈರ್‌ಗಳೇ. 75 ವ್ಯಾಟ್‌ಗೆ ಹರಿಯುವುದು 4.3 ಆಂಪಿಯರ್, ಅದಕ್ಕಾಗಿ ಬಾಗಿಲಿನ ಕನೆಕ್ಟರ್ ಕೊರೆಯುವುದು ಬೇಡ.

ಸದ್ಯಕ್ಕೆ ಹಿಂದಿನ ಸೀಟು ಹಾಲ್‌ನಲ್ಲಿದೆ, ಮನೆಯವರು ಅದರ ಮೇಲೆ ಕೂತು ಟೀವಿ ನೋಡುತ್ತಿದ್ದಾರೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟಿದ್ದೇನೆ. ಡಿಸ್ಟ್ರಿಬ್ಯೂಷನ್ ಬ್ಲಾಕ್ ಪಾರ್ಸೆಲ್ ಬರಬೇಕು. 25 ಸ್ಕ್ವೇರ್ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುವವರ ಹತ್ತಿರ ಒತ್ತಿಸಬೇಕು, ಸುತ್ತಿಗೆಯಲ್ಲಿ ಬಡಿಯುವುದಿಲ್ಲ. ಅದಾದ ಮೇಲೆ ಗೇನ್ ಸೆಟ್ಟಿಂಗ್, ಅಂದರೆ ಆಂಪ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ತಿರುಪು. 75 ವ್ಯಾಟ್, 4 ಓಮ್ ಅಂದರೆ 17.3 ವೋಲ್ಟ್ ಎಸಿ. ಸ್ಪೀಕರ್ ಬಿಚ್ಚಿ, ಟೆಸ್ಟ್ ಟೋನ್ ಹಾಕಿ, ಮೀಟರ್ ಅಲ್ಲಿಗೆ ಮುಟ್ಟುವವರೆಗೆ ತಿರುಗಿಸುವುದು.