ಕಡತ ಮೈಸೂರಿನಲ್ಲಿ, ವಕೀಲರು ಮಂಡ್ಯದಲ್ಲಿ

ನಮ್ಮ ಜಮೀನಿನ ವಿಭಾಗಪತ್ರವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದದ್ದು ಮೈಸೂರಿನ ಕುವೆಂಪುನಗರದ ಮನೆಯ ಕಂಪ್ಯೂಟರಿನಲ್ಲಿ. ವಕೀಲರು ಅದನ್ನು ಕೇಳಿದ್ದು ಮಂಡ್ಯದ ತಮ್ಮ ಕಚೇರಿಯಲ್ಲಿ, ಸಂಜೆಯ ಹೊತ್ತಿಗೆ. ಅದಕ್ಕಾಗಿ ಮೈಸೂರಿಗೆ ಹೋಗಿಬರುವ ಅಗತ್ಯವಿರಲಿಲ್ಲ, ಏಕೆಂದರೆ ಮನೆಯ ಕಂಪ್ಯೂಟರನ್ನು ಹೊರಗಿನಿಂದ ತಲುಪುವ ದಾರಿಯೊಂದನ್ನು ಮೊದಲೇ ಮಾಡಿಕೊಂಡಿದ್ದೆ.

ಆ ದಾರಿ ಸ್ವಲ್ಪ ಸುತ್ತಿನದು. ನಮ್ಮ ಇಂಟರ್ನೆಟ್ ಸಂಪರ್ಕಕ್ಕೆ ಪ್ರತ್ಯೇಕ ಸಾರ್ವಜನಿಕ ಐಪಿ ವಿಳಾಸವಿಲ್ಲ. ಹಲವು ಗ್ರಾಹಕರು ಒಂದೇ ವಿಳಾಸವನ್ನು ಹಂಚಿಕೊಳ್ಳುವುದರಿಂದ ರೂಟರಿನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆದರೂ ಹೊರಗಿನ ಕರೆ ಮನೆಗೆ ಮುಟ್ಟುವುದಿಲ್ಲ. (ಮುಟ್ಟುವಂತಿದ್ದರೂ ತೆರೆಯುತ್ತಿರಲಿಲ್ಲ: ದೂರದಿಂದ ಲಾಗಿನ್ ಆಗಲು ಬಳಸುವ 22ನೇ ಪೋರ್ಟನ್ನು ಲೋಕಕ್ಕೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸಲು ಬರುವವರಿಗೆ ಹಗಲು ರಾತ್ರಿಯ ಭೇದವಿಲ್ಲ.) ಹಾಗಾಗಿ ಮನೆಯ ಕಂಪ್ಯೂಟರೇ ಬಾಡಿಗೆಯ ಸಣ್ಣ ಸರ್ವರೊಂದಕ್ಕೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದ (ವಿಪಿಎನ್) ಮೂಲಕ ಸಂಪರ್ಕ ಸಾಧಿಸಿ, 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಅದನ್ನು ಉಳಿಸಿಕೊಳ್ಳುತ್ತದೆ. ವೈರ್‌ಗಾರ್ಡಿನ ಗೂಢಲಿಪಿ ಆ ಸರ್ವರಿನಲ್ಲಿ ಬಿಚ್ಚಿಕೊಳ್ಳುವುದರಿಂದ ಅದರೊಳಗೆ ಎಸ್‌ಎಸ್‌ಎಚ್, ಅಂದರೆ ದೂರದ ಕಂಪ್ಯೂಟರಿಗೆ ಗೂಢಲಿಪಿಯಲ್ಲೇ ಲಾಗಿನ್ ಆಗುವ ವ್ಯವಸ್ಥೆ, ಇಟ್ಟಿದ್ದೇನೆ. ಅದರ ಗೂಢಲಿಪಿ ಮನೆಯ ಕಂಪ್ಯೂಟರು ಸೇರುವವರೆಗೆ ಬಿಚ್ಚುವುದಿಲ್ಲ. ಪಾಸ್‌ವರ್ಡ್ ಲಾಗಿನ್ ಮುಚ್ಚಿದೆ, ಕೀಲಿ ಎಂಬ ಗುಪ್ತ ಕಡತವಿದ್ದವರಿಗಷ್ಟೇ ಪ್ರವೇಶ.

“ಬನ್ನಿ ಸಾರ್, ನಮ್ಮ ಸಿಸ್ಟಂನಲ್ಲೇ ತಕ್ಕೊಳ್ಳಿ,” ಎಂದು ವಕೀಲರ ಸಹಾಯಕ ಕುರ್ಚಿ ಬಿಟ್ಟುಕೊಟ್ಟ. ನಾನು ಒಪ್ಪಲಿಲ್ಲ. ಫಿನ್ಲೆಂಡಿನ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ರೂಪಿಸಿದ್ದು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಹಾದುಹೋಗುತ್ತಿದ್ದ ಪಾಸ್‌ವರ್ಡ್‌ಗಳನ್ನು ಯಾರೋ ಕದ್ದ ಮೇಲೆ. ಅದು ದಾರಿಗಳ್ಳರಿಂದ ಕಾಪಾಡುತ್ತದೆ. ನಾವು ಕುಳಿತ ಕಂಪ್ಯೂಟರೇ ಒತ್ತಿದ ಅಕ್ಷರಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದರೆ ಎಷ್ಟು ಗಟ್ಟಿ ಗೂಢಲಿಪಿಯೂ ನಿಷ್ಪ್ರಯೋಜಕ. ಆ ಹುಡುಗನ ಮೇಲೆ ನನಗೆ ಅನುಮಾನವಿರಲಿಲ್ಲ, ಆದರೆ ಹತ್ತಾರು ಜನ ಪೆನ್‌ಡ್ರೈವ್ ಚುಚ್ಚುವ ಆ ಯಂತ್ರದಲ್ಲಿ ಏನು ಸೇರಿಕೊಂಡಿದೆಯೆಂಬುದು ಅವನಿಗೂ ತಿಳಿದಿರಲಾರದು.

ನನ್ನ ಫೋನಿನಿಂದಲೇ ಆ ಸರ್ವರಿನ ಮೂಲಕ ಕಡತವನ್ನು ತರಿಸಿಕೊಂಡು, ಅದೊಂದನ್ನು ಮಾತ್ರ ಕಚೇರಿಯ ಇಮೇಲಿಗೆ ಕಳಿಸಿದೆ. ಪ್ರಿಂಟ್ ಬರುವಷ್ಟರಲ್ಲಿ ವಕೀಲರು, “ಆ ಫೋನೇ ಕಳೆದುಹೋದರೆ?” ಎಂದು ಕೇಳಿದರು. ಪಾಟೀಸವಾಲಿನ ಅಭ್ಯಾಸವಿದ್ದವರಿಗೆ ತಕ್ಕ ಪ್ರಶ್ನೆ. ಫೋನಿಗೂ ಲ್ಯಾಪ್‌ಟಾಪಿಗೂ ಬೇರೆ ಬೇರೆ ಕೀಲಿಗಳಿವೆ, ಫೋನಿನ ಎಸ್‌ಎಸ್‌ಎಚ್ ಕೀಲಿಗೆ ಪಾಸ್‌ಫ್ರೇಸಿನ ಕಾವಲೂ ಇದೆ; ಕಳೆದರೆ ಮನೆಯ ಕಂಪ್ಯೂಟರಿನಿಂದ ಆ ಕೀಲಿಯ ಒಂದು ಸಾಲು, ಸರ್ವರಿನಿಂದ ಆ ಫೋನಿನ ನಮೂದು ಅಳಿಸಿದರೆ ಅದಕ್ಕೆ ಪ್ರವೇಶವಿರುವುದಿಲ್ಲ, ಲ್ಯಾಪ್‌ಟಾಪಿಗೇನೂ ಬಾಧೆಯಿಲ್ಲ ಎಂದೆ. ಅವರು ತಲೆಯಾಡಿಸಿ, ಹಳೆಯ ಪಹಣಿಯೂ ಅಲ್ಲೇ ಇದ್ದರೆ ಅದನ್ನೂ ಕಳಿಸಿ ಎಂದರು.