ಕೆಂಪು ಕಲ್ಲಿನ ಗೋಡೆಯೂ ಭಾವ ತಂದ ಯಂತ್ರವೂ

ಕಳೆದ ವರ್ಷ ಬಚ್ಚಲುಮನೆಯಲ್ಲಿ ಟವೆಲ್ ಸ್ಟ್ಯಾಂಡ್ ಹಾಕಲು ಹೋಗಿ ನೀರಿನ ಪೈಪಿಗೇ ಡ್ರಿಲ್ ಇಳಿಸಿದ ಮಹಾಶಯ ನಾನು. ಗೋಡೆಯಿಂದ ಚಿಮ್ಮಿದ ನೀರು ನೇರ ಕನ್ನಡಕಕ್ಕೆ ಬಡಿಯಿತು. ಓಡಿ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚುವಷ್ಟರಲ್ಲಿ ಬಾಗಿಲಿನವರೆಗೆ ಹೊಳೆ. ನಾಲ್ಕು ಟೈಲ್ಸ್ ಒಡೆದು ಪೈಪು ಬದಲಿಸಿದ ಪ್ಲಂಬರ್ ಹೊರಡುವಾಗ ಕೇಳಿದ, "ಮಾಸ್ಟ್ರೇ, ಕೆಳಗೆ ನಲ್ಲಿ ಕಾಣುತ್ತಿತ್ತಲ್ಲ. ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ಮಾಡಿದ್ರಿ?" ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವನಿಗೆ ಉತ್ತರ ಇರಲಿಲ್ಲ.

ಈ ಕಥೆ ಅಕ್ಕನ ಮೂಲಕ ಅಮೆರಿಕಕ್ಕೂ ಹೋಯಿತು. ಮೇ ತಿಂಗಳಲ್ಲಿ ಊರಿಗೆ ಬಂದ ಭಾವ ಪೆಟ್ಟಿಗೆಯಿಂದ ಹಳದಿ ಬಣ್ಣದ ಒಂದು ಯಂತ್ರ ತೆಗೆದು ಕೈಗಿಟ್ಟರು. ಗಾತ್ರದಲ್ಲಿ ಟಿವಿ ರಿಮೋಟಿನಷ್ಟು. ಸ್ಟಡ್ ಫೈಂಡರ್. "ಇನ್ನು ನೀನು ಧೈರ್ಯವಾಗಿ ತೂತು ಮಾಡು" ಎಂದರು. ಅವರ ಮನೆಯಲ್ಲಿ ಇದಿಲ್ಲದೆ ಒಂದು ಫೋಟೋ ಕೂಡ ನೇತುಹಾಕುವುದಿಲ್ಲವಂತೆ.

ಅದು ನಿಜ. ಅಲ್ಲಿ ಹೆಚ್ಚಿನ ಮನೆಗಳ ಒಳಗೋಡೆ ಎಂದರೆ ಮರದ ಕಂಬಗಳ ಸಾಲು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸಾಮಾನ್ಯವಾಗಿ 16 ಇಂಚು. ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ ಹೊಡೆದು ಬಣ್ಣ ಬಳಿದರೆ ಗೋಡೆ ಆಯಿತು. ಆ ಕಂಬವೇ ಸ್ಟಡ್. ಬರೀ ಬೋರ್ಡಿಗೆ ಸ್ಕ್ರೂ ಹಾಕಿ ಭಾರದ್ದನ್ನು ತೂಗಿದರೆ ಬೋರ್ಡಿನ ಚೂರು ಸಮೇತ ಕೆಳಗೆ ಬರುತ್ತದೆ. ಹಾಗಾಗಿ ಬಣ್ಣದ ಹಿಂದೆ ಕಂಬ ಎಲ್ಲಿದೆ ಎನ್ನುವುದು ಅವರಿಗೆ ದೊಡ್ಡ ಪ್ರಶ್ನೆ. ಮೊದಲು ಅಯಸ್ಕಾಂತ ಹಿಡಿದು ಬೋರ್ಡಿಗೆ ಹೊಡೆದ ಮೊಳೆ ಹುಡುಕುತ್ತಿದ್ದರು. ಎಲೆಕ್ಟ್ರಾನಿಕ್ ಯಂತ್ರಕ್ಕೆ ರಾಬರ್ಟ್ ಫ್ರಾಂಕ್ಲಿನ್ ಎಂಬವರಿಗೆ ಪೇಟೆಂಟ್ ಸಿಕ್ಕಿದ್ದು 1978ರಲ್ಲಿ.

ಕೆಲಸ ಮಾಡುವ ರೀತಿ ಚೆನ್ನಾಗಿದೆ. ಒಳಗೆ ಲೋಹದ ಸಣ್ಣ ತಗಡುಗಳಿವೆ. ಗೋಡೆಗೆ ಒತ್ತಿ ಹಿಡಿದಾಗ ಅವು ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಸಾಧನ, ಆಗುತ್ತವೆ, ಎದುರಿಗಿರುವ ಗೋಡೆಯೂ ಅದರ ಭಾಗವಾಗುತ್ತದೆ. ಮೊದಲು ಖಾಲಿ ಜಾಗದಲ್ಲಿ ಇಟ್ಟು ಬಟನ್ ಒತ್ತಬೇಕು. "ಖಾಲಿ ಗೋಡೆ ಎಂದರೆ ಇಷ್ಟು" ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಪಕ್ಕಕ್ಕೆ ಜಾರಿಸುತ್ತಾ ಹೋಗಬೇಕು. ಬೋರ್ಡಿನ ಹಿಂದೆ ಗಾಳಿಯ ಬದಲು ಮರ ಬಂದರೆ ಅಳತೆ ಏರುತ್ತದೆ, ಬೀಪ್ ಎನ್ನುತ್ತದೆ. ನಡುವೆ ಇರುವ ವಸ್ತು ಚಾರ್ಜ್ ಹಿಡಿಯುವ ಶಕ್ತಿಯನ್ನು ಎಷ್ಟು ಪಟ್ಟು ಏರಿಸುತ್ತದೆ ಎನ್ನುವ ಅಂಕೆಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಎನ್ನುತ್ತಾರೆ. ಗಾಳಿಯದ್ದು 1, ಒಣ ಮರದ್ದು 2ರ ಆಸುಪಾಸು. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುತ್ತದೆ ಎಂದರೆ ಸುಮ್ನೆ ಅಲ್ಲ. ಆದರೆ ನೀರಿನದ್ದು 80. ಈ ಒಂದು ಅಂಕೆ ನೆನಪಿಟ್ಟುಕೊಳ್ಳಿ.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗೋಡೆ ಪೂರ್ತಿ ಕೆಂಪು ಕಲ್ಲು, ಅಂದರೆ ಮುರಕಲ್ಲು. ಬೇಕಲ ಕೋಟೆಯ ಕಲ್ಲೂ ಇದೇ. 1800-01ರಲ್ಲಿ ಈ ಕಡೆ ಸುತ್ತಾಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಕೋರೆಯಿಂದ ಕಡಿದು ತೆಗೆಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಇದಕ್ಕೆ ಕೆಂಪು ಬಣ್ಣ ಕೊಟ್ಟದ್ದು ಕಬ್ಬಿಣದ ಆಕ್ಸೈಡ್. ಒಂದು ಕಲ್ಲನ್ನು ಹತ್ತಿರದಿಂದ ನೋಡಿ. ಒಂದು ಕಡೆ ಕಬ್ಬಿಣದ ಕಿಟ್ಟದ ಹಾಗೆ ಕಪ್ಪು ಗಂಟು, ಪಕ್ಕದಲ್ಲೇ ಬೆರಳು ತೂರುವಷ್ಟು ತೂತು, ಅದರೊಳಗೆ ಹಳದಿ ಜೇಡಿ. ಇಂಥ ಕಲ್ಲಿನಲ್ಲಿ "ಖಾಲಿ ಜಾಗ" ಎಂದು ಯಾವುದನ್ನು ತೋರಿಸುವುದು?

ಆದರೂ ಯಂತ್ರಕ್ಕೆ ಅನ್ಯಾಯ ಆಗಬಾರದು ಅಲ್ವಾ? ಹೊಸ ಕೋಣೆಯ ಒಂದು ಗೋಡೆಯಲ್ಲಿ ವೈರಿನ ಪೈಪು ಎಲ್ಲಿದೆ ಎಂದು ನನಗೆ ಖಚಿತವಾಗಿ ಗೊತ್ತು. ಸಾರಣೆಗೆ ಮೊದಲು ತೆಗೆದ ಫೋಟೋ ಇದೆ. ಮೂಲೆಯಿಂದ 43 ಸೆಂಟಿಮೀಟರ್. ಆ ಗೋಡೆಗೆ ಎದೆಯ ಎತ್ತರದಲ್ಲಿ ಮಾಸ್ಕಿಂಗ್ ಟೇಪ್ ಉದ್ದಕ್ಕೆ ಅಂಟಿಸಿದೆ. ಯಂತ್ರವನ್ನು ಸ್ಟಡ್ ಮೋಡಿಗೆ ಹಾಕಿ ಹತ್ತು ಸಲ ಎಡದಿಂದ ಬಲಕ್ಕೆ ಎಳೆದೆ. ಬೀಪ್ ಎಂದಲ್ಲೆಲ್ಲ ಪೆನ್ಸಿಲ್ ಗೆರೆ. ಮುಗಿಯುವಾಗ ಟೇಪು ಮಕ್ಕಳು ಗೀಚಿದ ಸ್ಲೇಟಿನ ಹಾಗಿತ್ತು. ಎರಡು ಗೆರೆ ಒಂದೇ ಕಡೆ ಬಿದ್ದದ್ದೇ ಕಡಿಮೆ. 43ರ ಹತ್ತಿರವೂ ಗೆರೆ ಇತ್ತು, ಆದರೆ 20ರಲ್ಲೂ 71ರಲ್ಲೂ ಇತ್ತು. ಲೋಹ ಹುಡುಕುವ ಮೋಡಿನಲ್ಲೂ ಅದೇ ಪಾಡು. ಆಶ್ಚರ್ಯ ಏನಿಲ್ಲ. ನೆಲಬಾಂಬ್ ಹುಡುಕುವ ದೊಡ್ಡ ಯಂತ್ರಗಳಿಗೇ ಇಂಥ ಕೆಂಪು ಮಣ್ಣು ತಲೆನೋವು. ಕಿಟಕಿಯ ಮೇಲಿನ ಕಾಂಕ್ರೀಟ್ ಲಿಂಟಲ್‌ಗೆ ಹಿಡಿದಾಗ ಮಾತ್ರ ಒಳಗಿನ ಸರಳನ್ನು ನೀಟಾಗಿ ತೋರಿಸಿತು. ಅದು ಅಲ್ಲಿದೆ ಎಂದು ಹೇಳಲು ಯಂತ್ರ ಬೇಕಾಗಿರಲಿಲ್ಲ, ಬಿಡಿ.

ಜುಲೈಯಲ್ಲಿ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಪಶ್ಚಿಮದ ಗೋಡೆ ಒಳಬದಿಯಲ್ಲೂ ಕೈಗೆ ತಣ್ಣಗೆ ತಾಗುತ್ತದೆ. ಆಗಲೇ ಹೇಳಿದ 80 ನೆನಪಿದೆಯಲ್ಲ? ಯಂತ್ರ ಬಟನ್ ಒತ್ತಿದ ಕೂಡಲೇ ಕೂಗಲು ಶುರು ಮಾಡಿತು, ನಿಲ್ಲಿಸಲೇ ಇಲ್ಲ. ಅದರ ಪ್ರಕಾರ ಗೋಡೆ ಪೂರ್ತಿ ಸ್ಟಡ್.

ಇಷ್ಟಾದ ಮೇಲೂ ಒಂದು ಆಸೆ ಉಳಿದಿತ್ತು. ಕರೆಂಟ್ ಇರುವ ವೈರನ್ನು ತೋರಿಸುವ ಮೋಡ್ ಕೂಡ ಇದರಲ್ಲಿದೆ. 50 ಹರ್ಟ್ಸ್ ಕರೆಂಟಿನ ಸುತ್ತ ಇರುವ ವಿದ್ಯುತ್ ಕ್ಷೇತ್ರವನ್ನು ಅದು ಹಿಡಿಯುತ್ತದೆ. ನಮ್ಮಲ್ಲಿ ಪೈಪು ಪಿವಿಸಿ ಆದ ಕಾರಣ ತಡೆ ಇಲ್ಲ. ಅರ್ತ್ ಮಾಡಿದ ಕಬ್ಬಿಣದ ಪೈಪಾಗಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ ಡಬ್ಬಿ ಇಡುವ ಶೆಲ್ಫ್ ಹಾಕಬೇಕಿತ್ತು. ಒಂದು ಶನಿವಾರ ಬೆಳಿಗ್ಗೆ ಆ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿದೆ. ಸದ್ದಿಲ್ಲ. ಇನ್ನೊಮ್ಮೆ ಸವರಿದೆ. ಪೂರ್ತಿ ಮೌನ. ಅಬ್ಬಾ, ಕೊನೆಗೂ ಒಂದು ಶುದ್ಧ ಗೋಡೆ ಸಿಕ್ಕಿತು ಎಂದು ಖುಷಿಯಾಗಿ ನಾಲ್ಕು ಗುರುತು ಹಾಕಿದೆ. ಡ್ರಿಲ್‌ನ ಪ್ಲಗ್ ಹಾಕಲು ಹೊರಟಾಗ ಅಮ್ಮ ಕರೆದರು, "ಈ ಮಿಕ್ಸಿಗೆ ಏನಾಗಿದೆ ನೋಡು ಮಾರಾಯ, ತಿರುಗುವುದೇ ಇಲ್ಲ."

ಕರೆಂಟ್ ಹೋಗಿತ್ತು! ಲೈಟು, ಫ್ಯಾನು ಇನ್ವರ್ಟರಿನಲ್ಲಿ ನಡೆಯುತ್ತಿದ್ದ ಕಾರಣ ನನಗೆ ಗೊತ್ತೇ ಆಗಿರಲಿಲ್ಲ. ಮಿಕ್ಸಿ, ಗ್ರೈಂಡರಿನ ಲೈನು ಇನ್ವರ್ಟರಿಗೆ ಕೊಟ್ಟಿಲ್ಲ. ಯಂತ್ರ ಮಾತ್ರ ತನ್ನ 9 ವೋಲ್ಟ್ ಬ್ಯಾಟರಿಯಲ್ಲಿ ನಿಷ್ಠೆಯಿಂದ "ಇಲ್ಲಿ ಏನೂ ಇಲ್ಲ" ಎನ್ನುತ್ತಿತ್ತು. ಅದು ಹುಡುಕುವುದು ವೈರನ್ನಲ್ಲ, ವೈರಿನಲ್ಲಿರುವ ವೋಲ್ಟೇಜನ್ನು. ಸ್ವಿಚ್ ಆಫ್ ಇದ್ದರೆ ಅದರಿಂದ ಆಚೆಗಿನ ವೈರೂ ಅದಕ್ಕೆ ಕಾಣುವುದಿಲ್ಲ.

ಒಂದು ಗಂಟೆ ಬಿಟ್ಟು ಕರೆಂಟ್ ಬಂತು. ಮನೆಯ ಎಲ್ಲ ಸ್ವಿಚ್ ಹಾಕಿ ಮತ್ತೆ ಸವರಿದೆ. ನನ್ನ ನಾಲ್ಕು ಗುರುತುಗಳಲ್ಲಿ ಎರಡರ ಮೇಲೆ ಬೀಪ್. ಮೊದಲಿಗೆ ಒಂದಡಿ ಅಗಲಕ್ಕೂ ಬೀಪ್ ಎನ್ನುತ್ತಿತ್ತು. ಇನ್ನೊಂದು ಕೈಯನ್ನು ಪಕ್ಕದಲ್ಲಿ ಗೋಡೆಗೆ ಚಪ್ಪಟೆಯಾಗಿ ಒತ್ತಿ ಹಿಡಿದಾಗ ನಾಲ್ಕು ಬೆರಳಿನ ಅಗಲಕ್ಕೆ ಇಳಿಯಿತು. ಗೋಡೆಯ ಮೇಲೆ ಹರಡಿದ ಚಾರ್ಜ್ ನಮ್ಮ ಮೈಯಿಂದ ಇಳಿದು ಹೋಗುತ್ತದೆ. ಈ ಉಪಾಯ ಯಂತ್ರದ ಜೊತೆ ಬಂದ ಕಾಗದದಲ್ಲೇ ಇತ್ತು. ಓದಬೇಕಿತ್ತು.

ಅದೇ ವಾರ ಸಾರಣೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಇದೆಲ್ಲ ನೋಡಿ ನಕ್ಕರು. ಅವರ ಅಪ್ಪ ಈ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡುತ್ತಿದ್ದವರು. ಕರಣೆಯ ಹಿಡಿಯಿಂದ ಗೋಡೆಯನ್ನು ಹಲಸಿನಕಾಯಿ ತಟ್ಟಿದ ಹಾಗೆ ತಟ್ಟುತ್ತಾ ಹೋದರು. "ಇಲ್ಲಿ ಕಲ್ಲು ಗಟ್ಟಿ. ಇಲ್ಲಿ ಸಾರಣೆ ಬಿಟ್ಟಿದೆ. ಇಲ್ಲಿ ಬೇಡ, ಸಂದು." ನನ್ನ ಕಿವಿಗೆ ಮೂರೂ ಒಂದೇ ತರ ಕೇಳಿತು. ಮೂರನೇ ದಿನಕ್ಕೆ ಸ್ವಲ್ಪ ವ್ಯತ್ಯಾಸ ತಿಳಿಯಿತು. ನಿಜ ಹೇಳಬೇಕೆಂದರೆ ನಮ್ಮ ಗೋಡೆಗೆ ಬೇಕಾದ ಪ್ರಶ್ನೆಯೇ ಬೇರೆ. ಸ್ಕ್ರೂ ಹಿಡಿಯುವ ಕಂಬ ಎಲ್ಲಿ ಎಂದು ನಾವು ಹುಡುಕುವುದಿಲ್ಲ, ಗೋಡೆ ಇಡೀ ಕಲ್ಲೇ. ವೈರು, ನೀರಿನ ಪೈಪು, ಕಲ್ಲಿನೊಳಗಿನ ತೂತು, ಈ ಮೂರೂ ಇಲ್ಲದ ಜಾಗ ಎಲ್ಲಿ ಎಂದು ತಿಳಿದರೆ ಸಾಕು. ಮೊದಲನೆಯದಕ್ಕೆ ಮಾತ್ರ ಯಂತ್ರ ಅರ್ಧಂಬರ್ಧ ಸಹಾಯ ಮಾಡುತ್ತದೆ.

ಶೆಲ್ಫ್ ಹಾಕಿದ್ದು ಹೀಗೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ಒಂದು ಗೇಣು ಜಾಗ ಬಿಟ್ಟೆ. ಯಂತ್ರದಿಂದ ಇನ್ನೊಮ್ಮೆ ಕೇಳಿದೆ. ತಟ್ಟಿದೆ. ಆಮೇಲೆ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್ಚಾದ ಎಂಸಿಬಿ ಇಳಿಸಿ, ಡ್ರಿಲ್‌ಗೆ ಚಾವಡಿಯಿಂದ ಎಕ್ಸ್‌ಟೆನ್ಷನ್ ಎಳೆದೆ. ಮೊದಲು ಸಿಮೆಂಟಿನ ಬೂದು ಹುಡಿ ಬಂತು, ಮತ್ತೆ ಕುಂಕುಮದಂಥ ಕೆಂಪು ಹುಡಿ. ಮೂರನೇ ತೂತಿನಲ್ಲಿ ಡ್ರಿಲ್ ಸರಕ್ಕನೆ ಒಳಗೆ ಹೋಯಿತು. ಬಿಟ್ಟಿನ ತುದಿಯಲ್ಲಿ ಹಳದಿ ಜೇಡಿ. ಮೇಸ್ತ್ರಿಯ ಕಿವಿಯೂ ಒಮ್ಮೊಮ್ಮೆ ತಪ್ಪುತ್ತದೆ. ಅಲ್ಲಿ ಸಿಮೆಂಟ್ ತುಂಬಿಸಿ ಮೂರು ದಿನ ಬಿಟ್ಟು ಮತ್ತೆ ತೂತು ಮಾಡಬೇಕಾಯಿತು.

ಯಂತ್ರ ಗೆದ್ದ ಜಾಗವೂ ಒಂದಿದೆ. ಜಗಲಿಯ ಹಂಚಿನ ಮಾಡಿನ ಅಡಿಗೆ, ಬಿಸಿಲಿನ ಕಾವು ತಡೆಯಲೆಂದು, ಜಿಪ್ಸಮ್ ಬೋರ್ಡಿನ ಸೀಲಿಂಗ್ ಹಾಕಿಸಿದ್ದೇವೆ. ಅಲ್ಲಿಗೆ ಗೂಡುದೀಪ ನೇತುಹಾಕಲು ಕೊಕ್ಕೆ ಬೇಕಿತ್ತು. ಸ್ಟೂಲ್ ಹತ್ತಿ ಯಂತ್ರ ಹಿಡಿದೆ. ಬೀಪ್. ಮುಂದಕ್ಕೆ ಹೋದೆ, ಮೌನ. ಮತ್ತೆ ಬೀಪ್. ಬೋರ್ಡಿನ ಮೇಲಿರುವ ತಗಡಿನ ಚಾನೆಲ್‌ಗಳನ್ನು ಒಂದೊಂದಾಗಿ ಎಣಿಸಿ ಹೇಳಿತು. ಹತ್ತು ಸಲ ಎಳೆದರೂ ಗೆರೆ ಒಂದೇ ಕಡೆ. ಅಮೆರಿಕದ ಗೋಡೆ ನಮ್ಮ ಮನೆಯಲ್ಲಿ ತಲೆಯ ಮೇಲಿತ್ತು!

ಮೊನ್ನೆ ಭಾವ ಫೋನ್ ಮಾಡಿ ಯಂತ್ರ ಹೇಗಿದೆ ಎಂದು ಕೇಳಿದರು. ಸೀಲಿಂಗಿನಲ್ಲಿ ಒಂದು ನೂಲೂ ತಪ್ಪಲಿಲ್ಲ ಎಂದೆ.

"ಮತ್ತೆ ಗೋಡೆಯಲ್ಲಿ?"

ನಾನು ಮಾತು ಹುಡುಕುತ್ತಿರುವಾಗ ಒಳಗಿನಿಂದ ಅಮ್ಮನ ಧ್ವನಿ ಬಂತು, "ಮಿಕ್ಸಿ ಸರಿ ಉಂಟು ಹೇಳು."