ಮರಕ್ಕೆ ಹೋಗುವ ದಾರಿ

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಶಿರಸಿ ಕಡೆ ಈಗಲೂ ಚಾಲ್ತಿಯಲ್ಲಿದೆ. ಆದರೆ ಯಾಣದ ಬಂಡೆಗಳ ಹತ್ತಿರದವರೆಗೆ ಕಾರೇ ಹೋಗುವ ಈ ಕಾಲದಲ್ಲಿ ಸೊಕ್ಕು ತೋರಿಸಲು ರಸ್ತೆ ಬಿಟ್ಟು ಇಳಿಯಬೇಕು. ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ಕಡಲತೀರಗಳನ್ನು ದಾಟಿ ಪ್ಯಾರಡೈಸ್‌ವರೆಗೆ ನಡೆದ ಮೊದಲ ದಿನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಬಲಕ್ಕೆ ಸಮುದ್ರ ಇರುವಷ್ಟು ಹೊತ್ತು ದಿಕ್ಸೂಚಿಗೆ ಚೀಲದಲ್ಲೇ ನಿದ್ದೆ. ಅದಕ್ಕೆ ಕೆಲಸ ಸಿಕ್ಕಿದ್ದು ಮರುದಿನ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಯಾಣದ ಸುತ್ತಿನ ಕಾಡಿಗೆ ಇಳಿದ ಮೇಲೆ.

ನಕ್ಷೆ ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್, ನೆಲದ ಏರಿಳಿತವನ್ನೂ ತೋರಿಸುವ ಹಾಳೆ. ಹಳೆಯ ಸಂಖ್ಯೆಯ ಪ್ರಕಾರ ಗೋಕರ್ಣ 48 ಜೆ/6ರಲ್ಲಿ, ಯಾಣ 48 ಜೆ/10ರಲ್ಲಿ, ಶಿರಸಿ 48 ಜೆ/14ರಲ್ಲಿ ಬರುತ್ತವೆ. ಕಾಗದದ 2 ಸೆಂ.ಮೀ. ನೆಲದ ಮೇಲೆ 1 ಕಿ.ಮೀ. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಅಲ್ಲೇ ಸ್ಕೇಲ್ ಇಟ್ಟು ಅಳೆಯಿರಿ. ‘ಫಿಟ್ ಟು ಪೇಜ್’ ಒತ್ತಿ ಕೊಟ್ಟ ಹಾಳೆಯಲ್ಲಿ ಒಂದು ಕಿಲೋಮೀಟರ್ ಚೌಕ 1.8 ಸೆಂ.ಮೀ.ಗೆ ಕುಗ್ಗಿತ್ತು. ಗೊತ್ತಾದದ್ದು ಕಾಡಿನೊಳಗೆ, ಲೆಕ್ಕ ಹಾಕಿದ ದೂರಗಳೆಲ್ಲ ಹತ್ತರಲ್ಲೊಂದು ಪಾಲು ತಪ್ಪಿದ ಮೇಲೆ. ಇಂಕ್‌ಜೆಟ್ ಪ್ರಿಂಟ್ ಬೆವರಿಗೆ ಕರಗುತ್ತದೆ; ಲೇಸರ್ ಪ್ರಿಂಟೇ ಬೇಕು, ಎರಡು ಪ್ರತಿ ಇರಲಿ.

ದಿಕ್ಸೂಚಿಯ ವಿಷಯದಲ್ಲೂ ಒಂದು ಕಿರಿಕಿರಿ. ತಂಡದಲ್ಲಿದ್ದ ಒಂದು ದಿಕ್ಸೂಚಿ ಯುರೋಪಿನಿಂದ ತಂದದ್ದು. ಅದರ ಮುಳ್ಳು ಓರೆಯಾಗಿ ತಳಕ್ಕೆ ಉಜ್ಜುತ್ತಿತ್ತು. ಉತ್ತರದ ದೇಶಗಳಲ್ಲಿ ಭೂಮಿಯ ಕಾಂತಬಲ ಮುಳ್ಳಿನ ಉತ್ತರ ತುದಿಯನ್ನು ಕೆಳಕ್ಕೆ ಎಳೆಯುವುದರಿಂದ ದಕ್ಷಿಣ ತುದಿಗೆ ತುಸು ಭಾರ ಕೊಟ್ಟಿರುತ್ತಾರೆ. ಮುಳ್ಳು ಯಾವ ಕಡೆಗೂ ಬಾಗದೆ ಮಟ್ಟಸವಾಗಿ ನಿಲ್ಲುವ ಗೆರೆ, ಅಂದರೆ ಕಾಂತೀಯ ಸಮಭಾಜಕ, ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾಯುತ್ತದೆ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಊರನ್ನು ಆರಿಸಿದ್ದೂ ಅದಕ್ಕೇ. ಇಲ್ಲಿ ಆ ಎಳೆತ ಕಡಿಮೆ, ಹಾಗಾಗಿ ಭಾರ ಕೊಟ್ಟ ದಕ್ಷಿಣ ತುದಿಯೇ ಕುಸಿಯುತ್ತದೆ. ಕೊಳ್ಳುವಾಗ ಅಂಗೈ ಮೇಲೆ ಮಟ್ಟಸವಾಗಿ ಹಿಡಿದು, ಮುಳ್ಳು ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ. ಇನ್ನು ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ಇರುವ ವ್ಯತ್ಯಾಸ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ; ಕಿಲೋಮೀಟರಿಗೆ 17 ಮೀಟರ್ ಅಷ್ಟೆ. ಪರದೇಶದ ಪುಸ್ತಕಗಳು ಪುಟಗಟ್ಟಲೆ ಕೊರೆಯುವ ಆ ಅಧ್ಯಾಯವನ್ನು ಈ ಜಿಲ್ಲೆಯಲ್ಲಿ ಹಾರಿಸಿಬಿಡಬಹುದು. ಮೊಬೈಲ್ ಪೌಚಿನ ಆಯಸ್ಕಾಂತದ ಗುಂಡಿ ಮಾತ್ರ ಅದಕ್ಕಿಂತ ಎಷ್ಟೋ ಪಟ್ಟು ದಾರಿ ತಪ್ಪಿಸುತ್ತದೆ. ಫೋನು, ಪವರ್ ಬ್ಯಾಂಕು, ಕತ್ತಿ ಮೂರನ್ನೂ ದೂರವೇ ಇಡಿ.

ದಿಕ್ಕು ಹಿಡಿಯುವುದು ಹೀಗೆ. ದಿಕ್ಸೂಚಿಯ ಉದ್ದ ಅಂಚನ್ನು ನಿಂತ ಜಾಗದಿಂದ ಹೋಗುವ ಜಾಗಕ್ಕೆ ಕೂಡಿಸಿ. ಹಲಗೆಯ ಬಾಣ ಹೋಗುವ ಕಡೆಗೇ ಇರಲಿ. ಒಳಗಿನ ಗೆರೆಗಳು ನಕ್ಷೆಯ ತೆಂಕು-ಬಡಗು ಗೆರೆಗಳಿಗೆ ಸರಿಹೊಂದಿ, ಡಯಲಿನ ಉತ್ತರ ನಕ್ಷೆಯ ಮೇಲ್ತುದಿಗೆ ಬರುವವರೆಗೆ ಡಯಲ್ ತಿರುಗಿಸಿ. ಆಮೇಲೆ ನಕ್ಷೆ ಬಿಟ್ಟು, ದಿಕ್ಸೂಚಿಯನ್ನು ಎದೆಯ ಮುಂದೆ ಹಿಡಿದು, ಮುಳ್ಳಿನ ಕೆಂಪು (ಉತ್ತರ) ತುದಿ ಡಯಲಿನ ಬಾಣದೊಳಗೆ ಕೂರುವವರೆಗೆ ಮೈಯನ್ನೇ ತಿರುಗಿಸಬೇಕು. ಅವಸರದಲ್ಲಿ ಕೆಂಪಿನ ಬದಲು ಬಿಳಿ ತುದಿ ಕೂರಿಸಿದರೆ ಘಟ್ಟ ಇಳಿಯಬೇಕಾದವರು ಶಿರಸಿಯತ್ತ ಮುಖ ಮಾಡಿರುತ್ತಾರೆ.

ಗುರಿ ಹಳ್ಳ ದಾಟುವ ಒಂದು ಸಂಕ, ಅಂದರೆ ಕಾಲುಸೇತುವೆ; ಡಯಲಿನಲ್ಲಿ 280 ಡಿಗ್ರಿ. ಒಂದೇ ಕಾಲಿನ ಹೆಜ್ಜೆ ಎಣಿಸಿದರೆ ಬಯಲಲ್ಲಿ ನೂರು ಮೀಟರಿಗೆ 62. ದರಕು (ಒಣ ಎಲೆ) ತುಂಬಿದ ಏರಿನಲ್ಲಿ 75 ದಾಟುತ್ತಿತ್ತು. ಒಂದು ದಣಪೆ (ಬೇಲಿಯ ಬಾಗಿಲು) ದಾಟಿದ ಮೇಲೆ ಕಾಲಡಿಗೆ ಒಳ್ಳೆಯ ದಾರಿ ಸಿಕ್ಕಿತು, ಅಗಲ, ಸವೆದದ್ದು. ಅಲ್ಲೇ ಎಡವಟ್ಟಾದದ್ದು. ದಾರಿ ಚೆನ್ನಾಗಿದ್ದರೆ ಯಾರೂ ಮುಳ್ಳು ನೋಡುವುದಿಲ್ಲ. ನಕ್ಷೆಯಲ್ಲಿ ಎತ್ತರ ತೋರಿಸುವ ಕಾಂಟೂರ್ ಗೆರೆಗಳು ಇಳಿಯುತ್ತಿದ್ದವು, ನೆಲ ಮಾತ್ರ ಏರುತ್ತಲೇ ಇತ್ತು. ಕೊನೆಗೆ ದಾರಿ ಕವಲೊಡೆದು, ಕವಲು ಮತ್ತೆ ಒಡೆದು, ಸೊಪ್ಪು ಸವರಿದ ಮರವೊಂದರ ಬುಡದಲ್ಲಿ ಮುಗಿದೇಹೋಯಿತು. ಡಯಲಿಗೆ 180 ಕಳೆದು ನೂರು ಡಿಗ್ರಿ ಕೂರಿಸಿದರೂ ದಾಸಾಳದ ಬೇಲಿಯಿದ್ದ ಆ ದಣಪೆಗೆ ವಾಪಸಾಗಲು ಮುಕ್ಕಾಲು ಗಂಟೆ ಹಿಡಿಯಿತು.

ಬೇಲಿಯಾಚೆ ತೋಟದ ಮನೆ. ಅಂಗಳದಲ್ಲಿ ಕವಳ ಹಾಕುತ್ತ ಕೂತಿದ್ದ ಅಜ್ಜ ಮೊದಲು ಕೇಳಿದ್ದು ದಾರಿಯ ಮಾತನ್ನಲ್ಲ.

“ಕೂತ್ಕಳ್ಳಿ. ಆಸರಿಗೆ ಎಂತ ಬೇಕು?”

ಮುರುಗಲ ಪಾನಕ ಬಂತು. ನಕ್ಷೆಯನ್ನು ಜಗಲಿಯ ಮೇಲೆ ಹರಡಿದ್ದೇ ಅವರು ಅದನ್ನು ಎತ್ತಿ, ತಿರುಗಿಸಿ, ಪಡುವಣ ಬದಿಯನ್ನು ಇಳಿಜಾರಿನ ಕಡೆಗೆ ಮಾಡಿ ಇಟ್ಟರು. ದಿಕ್ಸೂಚಿ ಇಟ್ಟು ನೋಡಿದರೆ ಹೆಚ್ಚೆಂದರೆ ಐದು ಡಿಗ್ರಿ ವ್ಯತ್ಯಾಸ.

“ನೀವು ಹೋದ ದಾರಿ ಇದರಲ್ಲಿ ಇದೆಯಾ?”

“ಇಲ್ಲ ಅಜ್ಜ.”

“ಇರಬಾರದು. ಅದು ಸೊಪ್ಪಿನ ಬೆಟ್ಟದ ದಾರಿ, ತೋಟಕ್ಕೆ ಸೊಪ್ಪು ತರೂದು. ಊರಿಗೆ ಹೋಗುವಂಥದ್ದಲ್ಲ, ಮರಕ್ಕೆ ಹೋಗುವಂಥದ್ದು. ಈ ವರ್ಷ ಈ ಮರ, ಬಪ್ಪ ವರ್ಷ ಆ ಮರ.”

“ಮತ್ತೆ ಊರ ದಾರಿ ಅಂತ ಗೊತ್ತಾಗೋದು ಹೆಂಗೆ?”

“ಊರ ದಾರಿ ಹಳ್ಳ ದಾಟ್ತದೆ. ದಾಟೋ ಕಡೆ ಸಂಕ ಇರ್ತದೆ. ಸೊಪ್ಪು ಹೊತ್ತವ ಹಳ್ಳ ದಾಟೂದಿಲ್ಲ ಮಾರಾಯ್ರೇ, ಅವಂಗೆ ತೋಟ ಈಚೆ ಬದಿಗೇ ಉಂಟಲ.”

ನಾವು ಹುಡುಕುತ್ತಿದ್ದ ಸಂಕವನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದೆವು. ಅಜ್ಜ ತಲೆಯಾಡಿಸಿದರು. ಅದು ಮಳೆಗಾಲದಲ್ಲಿ ಕೊಚ್ಚಿಹೋಗಿ, ಅಡಿಕೆ ಮರ ಸೀಳಿದ ದಬ್ಬೆಯ ಹೊಸ ಸಂಕವನ್ನು ಮೇಲ್ಬದಿಗೆ, ಬಡಗಿಗೆ ಹಾಕಿದ್ದಾರಂತೆ. ಎಷ್ಟು ದೂರ ಎಂದರೆ “ಒಂದು ಕೂಗಳತೆ” ಎಂದು, ಸುಣ್ಣ ಮೆತ್ತಿದ ಬೆರಳಿನಿಂದ ಹಳ್ಳದ ನೀಲಿ ಗೆರೆಯ ಮೇಲೆ ಒಂದು ಗುರುತು ಎಳೆದರು.

ಆ ಬಿಳಿ ಗುರುತು 4 ಮಿ.ಮೀ. ಉದ್ದ, ಕುಗ್ಗಿದ ನಮ್ಮ ಹಾಳೆಯ ಲೆಕ್ಕದಲ್ಲಿ ನೆಲದ ಮೇಲೆ ಸುಮಾರು 220 ಮೀಟರ್. ಅಷ್ಟು ದೊಡ್ಡ ಗುರುತಿಗೆ ನೇರ ಗುರಿ ಇಟ್ಟರೆ ಹಳ್ಳ ಮುಟ್ಟಿದಾಗ ಸಂಕ ಎಡಕ್ಕೋ ಬಲಕ್ಕೋ ತಿಳಿಯುವುದಿಲ್ಲ. ಆದ್ದರಿಂದ ಬೇಕೆಂದೇ ತಪ್ಪಾಗಿ ಹೋಗಬೇಕು. ಮನೆಯಿಂದ ಗುರುತಿನ ನಡುವಿಗೆ 274 ಡಿಗ್ರಿ, 1.2 ಕಿ.ಮೀ. ಆರು ಡಿಗ್ರಿ ಬಡಗಿಗೆ ಸರಿಸಿ ಮತ್ತೆ 280ಕ್ಕೆ ಡಯಲ್ ಇಟ್ಟೆವು. ಆರು ಡಿಗ್ರಿ ಅಂದರೆ ಅಷ್ಟು ದೂರದಲ್ಲಿ ಸುಮಾರು 125 ಮೀಟರ್; ಗುರುತಿನ ಬಡಗಣ ತುದಿಯನ್ನೂ ದಾಟಿದ ಜಾಗ. ಅಲ್ಲಿಗೆ ಹೋಗಿ ಹಳ್ಳ ಸಿಕ್ಕಿದರೆ ಸಂಕ ಎಡಕ್ಕೇ ಇರಬೇಕು. ಈ ಸಲ ಒಬ್ಬರು ಮುಳ್ಳು ನೋಡುವುದು, ಒಬ್ಬರು ಇಪ್ಪತ್ತು ಮೀಟರ್ ಮುಂದಿನ ಮರಕ್ಕೆ ಹೋಗಿ ನಿಲ್ಲುವುದು, ಒಬ್ಬರು ಹೆಜ್ಜೆ ಎಣಿಸುವುದು. ಸೊಪ್ಪಿನ ದಾರಿ ಎಷ್ಟು ಚೆಂದವಾಗಿ ಕರೆದರೂ ಅಡ್ಡ ದಾಟುವುದೇ. ದಾರಿಯಲ್ಲಿ ಹದಿನೈದು ಮೀಟರಿನ ಕಡಿದಾದ ಒಂದು ದರೆ ಎದುರಾಯಿತು. ನಕ್ಷೆಯಲ್ಲಿ ಅದರ ಸುಳಿವೇ ಇಲ್ಲ, ಕಾಂಟೂರ್ ಗೆರೆಗಳ ಅಂತರ 20 ಮೀಟರ್ ಆದ್ದರಿಂದ ನಡುವೆ ಅಡಗಿ ಕೂತಿತ್ತು. ಬಲಕ್ಕೆ 40 ಹೆಜ್ಜೆ ಸುತ್ತಿ ಇಳಿದು, ಅಷ್ಟೇ 40 ಹೆಜ್ಜೆ ಎಡಕ್ಕೆ ಬಂದು ಗೆರೆ ಹಿಡಿಯಬೇಕಾಯಿತು.

ಹಳ್ಳ ಸಿಕ್ಕಿತು. ಎಡಕ್ಕೆ, ನೀರಿನ ಜೊತೆಗೆ, 58 ಹೆಜ್ಜೆ. ಹೊಸ ದಬ್ಬೆಯ ಮೇಲೆ ಆಗಲೇ ಪಾಚಿ ಹಿಡಿದಿತ್ತು, ಒಬ್ಬೊಬ್ಬರಾಗಿಯೇ ದಾಟಿದೆವು.